ಬೋರ್ಡಿಗೆ ಅರವತ್ತು ಪರ್ಸೆಂಟ್ ಕನ್ನಡ, ಕಿವಿಗೆ ಎಷ್ಟು?

ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು. ಇದೀಗ ಕಾನೂನು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹೋರಾಟವಾಗಿ, ಬಂಧನಗಳಾಗಿ, 2024ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಸಂತೋಷ. ಆದರೆ ಕಂಡವರ ಬೋರ್ಡು ಅಳೆಯಲು ಟೇಪು ಹಿಡಿದು ಹೊರಟ ನಾವು ನಮ್ಮ ಕಿವಿಯನ್ನು ಯಾವತ್ತಾದರೂ ಅಳೆದುಕೊಂಡಿದ್ದೇವೆಯೇ?

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಒಂದು ನವೆಂಬರ್ 1ರ ಸಂಜೆ. ಭದ್ರಾವತಿಯ ರಂಗಪ್ಪ ಸರ್ಕಲ್ಲಿನಲ್ಲಿ ಬಾವುಟ ಹಾರಿಸಿ, ಜೈಕಾರ ಕೂಗಿ, ಗಂಟಲು ಒಣಗಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ನಮ್ಮದೇ ಹುಡುಗ. ಕೊರಳಲ್ಲಿ ಅರಿಶಿನ-ಕುಂಕುಮ ಬಣ್ಣದ ಶಾಲು, ಕಿವಿಯಲ್ಲಿ ಇಯರ್‌ಫೋನು. ತಲೆ ಕುಣಿಯುತ್ತಿತ್ತು. ಏನಪ್ಪಾ ಕೇಳ್ತಿದ್ದೀಯ ಅಂದೆ. ಮೆಟಾಲಿಕಾ ಅಂದ. ಒಳ್ಳೇದೇ. ಕನ್ನಡದ್ದು ಏನೂ ಕೇಳಲ್ವಾ ಅಂದೆ. ಅವನು ನನ್ನನ್ನು ಮ್ಯೂಸಿಯಂನಲ್ಲಿ ಇಟ್ಟ ವಸ್ತುವನ್ನು ನೋಡುವ ಹಾಗೆ ನೋಡಿ, "ಸಿನಿಮಾ ಹಾಡು ಕೇಳ್ತೀನಿ ಸಾರ್. ಆದ್ರೆ ಕನ್ನಡದಲ್ಲಿ ರಾಕ್ ಎಲ್ಲಿದೆ?" ಅಂದ.

ಬಸ್ಸು ಶಿವಮೊಗ್ಗ ಮುಟ್ಟುವವರೆಗೂ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಆ ಉತ್ತರವನ್ನು ಈಗ ಕೊಡುತ್ತಿದ್ದೇನೆ. ಅದು ಆ ಹುಡುಗನಿಗೆ ಮಾತ್ರ ಅಲ್ಲ, ಶಾಲು ಹೊದ್ದ ನಮಗೆಲ್ಲರಿಗೂ.

ಬೆಂಕಿಪುರ ಮತ್ತು ಬರ್ಮಿಂಗ್‌ಹ್ಯಾಂ

ಮೊದಲು ಒಂದು ಕಥೆ. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಂ ಎಂಬ ಊರು. ಕಬ್ಬಿಣ, ತಗಡು, ಹೊಗೆ, ಶಿಫ್ಟಿನ ಸೈರನ್ನು. ಅಲ್ಲಿ ಟೋನಿ ಅಯೋಮಿ ಎಂಬ 17ರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ. ಗಿಟಾರಿನ ತಂತಿ ಒತ್ತುವ ಬೆರಳುಗಳೇ ಅವು. ಬೇರೆ ಯಾರಾದರೂ ಆಗಿದ್ದರೆ ಗಿಟಾರನ್ನು ಅಟ್ಟಕ್ಕೆ ಹಾಕುತ್ತಿದ್ದರು. ಇವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ. ಆಗ ಹುಟ್ಟಿದ ಆ ಭಾರವಾದ, ಕಪ್ಪು ನಾದವೇ 1970ರಲ್ಲಿ ಬ್ಲಾಕ್ ಸಬ್ಬತ್ ಎಂಬ ಆಲ್ಬಂ ಆಯಿತು. ಲೋಕ ಅದನ್ನು ಹೆವಿ ಮೆಟಲ್ ಅಂತ ಕರೆಯಿತು. 2025ರ ಜುಲೈನಲ್ಲಿ ಅದೇ ಊರಿನಲ್ಲಿ ಆ ತಂಡದ ಕೊನೆಯ ಕಛೇರಿ ನಡೆಯಿತು. ಎರಡೂವರೆ ವಾರಕ್ಕೆ ಅದರ ಗಾಯಕ ಆಜಿ ಆಸ್ಬರ್ನ್ ತೀರಿಕೊಂಡರು. ಊರಿಗೆ ಊರೇ ಬೀದಿಗಿಳಿದು ಅತ್ತಿತು.

ಈಗ ನಮ್ಮ ಊರು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಇಂಥ ಹೆಸರು ಸಿಕ್ಕಿದ್ದರೆ ಜಗತ್ತಿನ ಯಾವ ರಾಕ್ ತಂಡವಾದರೂ ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತಿತ್ತು. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಉಕ್ಕು ಪ್ರಾಧಿಕಾರ ಅದನ್ನು ಮುಚ್ಚುವ ತೀರ್ಮಾನ ಮಾಡಿತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ ಅದೇ ಆಗಸ್ಟಿನಲ್ಲಿ ಅಷ್ಟಿಷ್ಟು ಕೆಲಸ ಮತ್ತೆ ಶುರುವಾಯಿತು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಅದಕ್ಕೆ ಮೊದಲೇ, 2015ರ ಹೊತ್ತಿಗೆ, ನಿಂತುಹೋಗಿತ್ತು. ಪೇಪರ್ ಟೌನಿನ ಕ್ವಾರ್ಟರ್ಸುಗಳಿಗೆ ಬೀಗ ಬಿತ್ತು. ಮಕ್ಕಳು ಬೆಂಗಳೂರಿನ ಪಿ.ಜಿ. ಸೇರಿದರು.

ನಿಜವಾದ ಹೆವಿ ಮೆಟಲ್ ಕರಗಿಸಿದ ಊರು ಇದು. ಕುಲುಮೆ ಇತ್ತು, ಸೈರನ್ ಇತ್ತು, ಸಿಟ್ಟು ಇತ್ತು, ಕೆಲಸ ಕಳೆದುಕೊಂಡ ಅಪ್ಪಂದಿರು ಇದ್ದರು. ಆಲ್ಬಂ ಎಲ್ಲಿ?

ಕಲ್ಲಿನ ಮೇಷ್ಟ್ರು

ಗಿಟಾರ್ ನಮ್ಮ ಸಂಸ್ಕೃತಿ ಅಲ್ಲ ಎಂದು ಮೂಗು ಮುರಿಯುವ ಮಹಾಶಯರು ನಮ್ಮ ಸಂಘಟನೆಗಳಲ್ಲೇ ಇದ್ದಾರೆ. ಸ್ವಾಮಿ, ನಿಮ್ಮ ಭಜನೆಯ ಹಾರ್ಮೋನಿಯಂ ಫ್ರಾನ್ಸಿನಿಂದ ಬಂತು. ಸಂಗೀತ ಕಛೇರಿಯ ಪಿಟೀಲು ಯೂರೋಪಿನಿಂದ ಬಂತು. ಎರಡೂ ಕನ್ನಡ ಕಲಿತವು. ಗಿಟಾರಿಗೆ ಮಾತ್ರ ರೇಷನ್ ಕಾರ್ಡ್ ಕೇಳುತ್ತೀರಾ?

ಸಿನಿಮಾ ಬಿಟ್ಟರೆ ಕನ್ನಡದಲ್ಲಿ ಹಾಡೇ ಇಲ್ಲ ಎನ್ನುವವರಿಗೂ ಒಂದು ಮಾತು. 1978ರಲ್ಲಿ 'ನಿತ್ಯೋತ್ಸವ' ಎಂಬ ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅಂತ ಅದನ್ನು ಕರೆಯುತ್ತಾರೆ. ಅದಕ್ಕೆ ಹೀರೋ ಇರಲಿಲ್ಲ, ಹೀರೋಯಿನ್ ಇರಲಿಲ್ಲ, ಕಟೌಟ್ ಇರಲಿಲ್ಲ. ಮೈಸೂರು ಅನಂತಸ್ವಾಮಿ ರಾಗ ಹಾಕಿದರು. ಬರೆದವರು ಕೆ.ಎಸ್. ನಿಸಾರ್ ಅಹಮದ್. ಅವರು ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಯಾವ ಪಾಠ ಗೊತ್ತೇ? ಭೂವಿಜ್ಞಾನ. ಅಂದರೆ ಕಲ್ಲಿನ ಪಾಠ. ಅಪ್ಪಟ ರಾಕ್ ಮೇಷ್ಟ್ರು! ಇವತ್ತಿನ ಭಾಷೆಯಲ್ಲಿ ಆ ಕ್ಯಾಸೆಟ್ಟಿಗೆ ಇಂಡಿ ಆಲ್ಬಂ ಎನ್ನುತ್ತಾರೆ. ಯಾವ ನಿರ್ಮಾಪಕನ ಹಂಗೂ ಇಲ್ಲದೆ ಹಾಡು ಮನೆಮನೆಗೆ ಹೋಯಿತು. ಯಾಕೆ ಹೋಯಿತು? ಜನ ಕಾಸು ಕೊಟ್ಟು ಕ್ಯಾಸೆಟ್ ಕೊಂಡರು, ಅದಕ್ಕೆ.

2005ರಲ್ಲಿ ಸಿ. ಅಶ್ವಥ್ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದರು. ಕವಿತೆ ಕೇಳಲು ಜನ ಮೈದಾನ ತುಂಬಿದರು. ಎರಡು ವರ್ಷ ಕಳೆದು, 2007ರಲ್ಲಿ, ಅದೇ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಗುಡುಗಿತು. 2011ರಲ್ಲಿ ಮೆಟಾಲಿಕಾ ಬಂತು. ಮೈದಾನ ಒಂದೇ, ಊರೂ ಒಂದೇ. ಅಶ್ವಥ್ ಕೇಳಿದ ಅಪ್ಪನಿಗೂ ಮೆಟಾಲಿಕಾ ಕೇಳಿದ ಮಗನಿಗೂ ನಡುವೆ ಒಂದು ಕನ್ನಡದ ಸೇತುವೆ ಬೇಕಿತ್ತು. ಅದನ್ನು ಕಟ್ಟಿದವರು ಇದ್ದರು. ನಾವು ಅದರ ಮೇಲೆ ನಡೆಯಲಿಲ್ಲ.

ಇನ್ನು ಸಿಟ್ಟಿನ ಹಾಡು. ಅದನ್ನಂತೂ ಭದ್ರಾವತಿಗೆ ಯಾರೂ ಕಲಿಸಬೇಕಾಗಿಲ್ಲ. ದಲಿತ ಸಂಘರ್ಷ ಸಮಿತಿ 1974ರಲ್ಲಿ ಹುಟ್ಟಿದ್ದೇ ಈ ಊರಿನಲ್ಲಿ. ಪ್ರೊ. ಬಿ. ಕೃಷ್ಣಪ್ಪ ಇಲ್ಲಿ ಮೇಷ್ಟ್ರಾಗಿದ್ದರು. ಆ ಚಳವಳಿ ಊರೂರಿಗೆ ಹೋದದ್ದು ಭಾಷಣದಿಂದ ಅಲ್ಲ, ತಮಟೆಯಿಂದ, ಹಾಡಿನಿಂದ. ಅದೇ ಸಿಟ್ಟಿಗೆ ಗಿಟಾರು, ಡ್ರಮ್ಮು, ಗಾನಾ ಸೇರಿಸಿ ಚೆನ್ನೈನ ಹುಡುಗರು 2017ರಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡ ಕಟ್ಟಿದರು. ಲೋಕವೆಲ್ಲ ತಿರುಗಿ ನೋಡಿತು. ಚಳವಳಿಯ ಹಾಡು ನಮ್ಮಲ್ಲಿ 40 ವರ್ಷ ಮೊದಲೇ ಇತ್ತು. ನಾವು ಅದನ್ನು ಸ್ಮರಣ ಸಂಚಿಕೆಯಲ್ಲಿ ಮಡಚಿಟ್ಟೆವು.

2008: ಒಂದೇ ವರ್ಷ, ಎರಡು ಆಲ್ಬಂ

ಬಸ್ಸಿನ ಹುಡುಗನ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಂ 'ಅಂತರಾಗ್ನಿ' ಬಂತು. 1889ರಲ್ಲಿ ತೀರಿಹೋದ ಶಿಶುನಾಳ ಷರೀಫರ ಎರಡು ತತ್ವಪದಗಳು ಅದರಲ್ಲಿ ಗಿಟಾರು, ಪಿಟೀಲು, ಡ್ರಮ್ಮಿನ ಮೇಲೆ ಎದ್ದು ನಿಂತವು. ಹೊಗೆ ಸೇದುವ ಗುಡುಗುಡಿ, ಸೋರುವ ಮಾಳಿಗೆ ಎಲ್ಲ ಹೊಸ ರಕ್ತ ಹಾಕಿಕೊಂಡು ಕುಣಿದವು. ಆಲ್ಬಮ್ಮಿನ ಉಳಿದ ಹಾಡುಗಳು ಹೆಚ್ಚಾಗಿ ಹಿಂದಿ. ಅದಕ್ಕೆ ಅವರನ್ನು ಬೈಯುವುದು ಸುಲಭ. ಆದರೆ ಆ ಆಲ್ಬಂ ಹೊರತಂದವರು ಯಾರು? ಮುಂಬೈಯ ಸಿನಿಮಾ ಸಂಗೀತಗಾರರಾದ ವಿಶಾಲ್-ಶೇಖರ್. ಬೆಂಗಳೂರಿನಲ್ಲಿ ಕ್ಯಾಸೆಟ್ ಕಂಪನಿಗಳಿಗೆ ಬರವಿತ್ತೇ?

ಇನ್ನೊಂದು ತಮಾಷೆ ನೋಡಿ. ಅದೇ 2008ರಲ್ಲಿ ಇದೇ ರಘು ದೀಕ್ಷಿತ್ 'ಸೈಕೋ' ಸಿನಿಮಾಕ್ಕೆ ಸಂಗೀತ ಕೊಟ್ಟರು. ಅದರಲ್ಲಿನ ಮಾದೇಶ್ವರನ ಹಾಡು ಆಟೋ ಸ್ಟ್ಯಾಂಡಿನಿಂದ ಆರ್ಕೆಸ್ಟ್ರಾದವರೆಗೆ ಎಲ್ಲೆಲ್ಲೂ ಮೊಳಗಿತು. ಗಂಟಲು ಅದೇ, ಗಿಟಾರು ಅದೇ, ವರ್ಷವೂ ಅದೇ. ಸಿನಿಮಾದ ಹಾಡು ಮಗುವಿಗೂ ಗೊತ್ತು, ಆಲ್ಬಮ್ಮಿನ ಹೆಸರು ನೂರರಲ್ಲಿ ಎಷ್ಟು ಜನಕ್ಕೆ ಗೊತ್ತೋ ನೀವೇ ಕೇಳಿ ನೋಡಿ. ಮನುಷ್ಯ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಗೆಜ್ಜೆ ಕಟ್ಟಿ, ಲುಂಗಿ ಉಟ್ಟು ಹಾಡಿ ಬಂದರು. 2013ರಲ್ಲಿ ಎರಡನೇ ಆಲ್ಬಂ 'ಜಗ್ ಚಂಗಾ' ಬಂತು. ಅದರಲ್ಲಿ ಕನ್ನಡ ಇನ್ನೂ ಗಟ್ಟಿಯಾಗಿತ್ತು. ಈ ಎರಡನ್ನೂ ಕೇಳದೆ ಕನ್ನಡದಲ್ಲಿ ರಾಕ್ ಎಲ್ಲಿದೆ ಅನ್ನುವುದು, ತುಂಗೆಯ ಸೇತುವೆ ಮೇಲೆ ನಿಂತು ನೀರೆಲ್ಲಿದೆ ಅಂದ ಹಾಗೆ.

ಆಮೇಲೆ 'ಸ್ವರಾತ್ಮ'. ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಜಾನಪದ-ರಾಕ್ ತಂಡ. 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ 'ಟೋಪಿವಾಲೆ', 2018ರಲ್ಲಿ 'ರಾಹ್-ಎ-ಫಕೀರಾ'. ಕನ್ನಡವನ್ನೂ ಹಾಡಿದರು, ಹಿಂದಿಯನ್ನೂ ಹಾಡಿದರು. ಆಲ್ಬಮ್ಮಿನ ಹೆಸರುಗಳಲ್ಲೇ ಯಾವ ಭಾಷೆ ಗೆದ್ದಿತು ಅನ್ನುವುದು ಕಾಣುತ್ತದೆ. ಬೆಂಗಳೂರಿನ 'ಅಗಂ' ತಂಡ ಕರ್ನಾಟಕ ಸಂಗೀತವನ್ನೂ ರಾಕನ್ನೂ ಕೂಡಿಸಿ ದೇಶವೆಲ್ಲ ಹೆಸರು ಮಾಡಿತು. ಅದು ಹೆಚ್ಚಾಗಿ ಹಾಡಿದ್ದು ಬೇರೆ ಭಾಷೆಗಳಲ್ಲಿ. ಇಲ್ಲೇ ಕೂತು, ಇಲ್ಲಿನ ನೀರು ಕುಡಿದು, ಕೇಳುವವರನ್ನು ಹುಡುಕಿಕೊಂಡು ಭಾಷೆ ಬೇರೆ ಕಡೆ ಹೋಗುತ್ತದೆ. ಹಾಡುವವನ ದ್ರೋಹ ಇದರಲ್ಲಿ ಕಮ್ಮಿ. ಕೇಳದವನ ದ್ರೋಹ ಜಾಸ್ತಿ.

ಕೇರಳದ ಕಡೆ ನೋಡಿ. ಅದೇ 2008ರಲ್ಲಿ 'ಅವಿಯಲ್' ಎಂಬ ತಂಡ ಅದೇ ಹೆಸರಿನ ಆಲ್ಬಂ ತಂದಿತು. ಮಲಯಾಳಂ ರಾಕ್. ಹಿಂದಿಯ ಹಂಗಿಲ್ಲ, ಇಂಗ್ಲಿಷಿನ ಹಂಗಿಲ್ಲ. ಅಲ್ಲಿಗೇ ನಿಲ್ಲಲಿಲ್ಲ. ಮಾತೃಭೂಮಿ ಪತ್ರಿಕೆಯವರು 2013ರಲ್ಲಿ ಕಪ್ಪ ಟಿವಿ ಶುರು ಮಾಡಿದರು. 'ಮ್ಯೂಸಿಕ್ ಮೋಜೋ' ಎಂಬ ಕಾರ್ಯಕ್ರಮದಲ್ಲಿ ಊರೂರಿನ ತಂಡಗಳನ್ನು ಕರೆದು ಹಾಡಿಸಿದರು. ಅಲ್ಲಿಂದ 'ತೈಕ್ಕುಡಂ ಬ್ರಿಡ್ಜ್' ಎದ್ದು ಬಂತು. ಇವತ್ತು ಶಿವಮೊಗ್ಗದ ಹುಡುಗನ ಫೋನಿನಲ್ಲೂ ಅದು ಇದೆ. ಒಂದು ಪತ್ರಿಕೆ ಮಾಡಿದ ಕೆಲಸ ಇದು. ನಮ್ಮ ಪತ್ರಿಕೆಗಳು, ಚಾನೆಲ್ಲುಗಳು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದವು? ಜ್ಯೋತಿಷಿಯನ್ನು ಕೂರಿಸಿ ಬೆಳಗಾಗಿಸುತ್ತಿದ್ದವು.

ಕೊಂದವರು ಯಾರು?

ಈಗ ಕಹಿ ಮಾತು. ಶಿವಮೊಗ್ಗದ ಒಂದು ಕಾಲೇಜು. ಹೆಸರು ಬೇಡ, ಎಲ್ಲ ಕಾಲೇಜೂ ಅದೇ. ವಾರ್ಷಿಕೋತ್ಸವಕ್ಕೆ ನನ್ನನ್ನೂ ಕರೆದಿದ್ದರು. ಭದ್ರಾವತಿಯಿಂದ ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹೊತ್ತು ಬಂದಿದ್ದರು. ಕನ್ನಡದಲ್ಲಿ ಸ್ವಂತವಾಗಿ ಮೂರು ಹಾಡು ಬರೆದಿದ್ದರು. ಅದರಲ್ಲೊಂದು ಕಾಗದದ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಅಪ್ಪನ ಹಾಡು. ಅಪ್ಪ ಕೆಲಸ ಇಲ್ಲದಿದ್ದರೂ ಶಿಫ್ಟಿನ ಹೊತ್ತಿಗೆ ಎದ್ದು ಟಿಫಿನ್ ಕ್ಯಾರಿಯರ್ ತೊಳೆದಿಡುತ್ತಾನೆ ಎಂಬ ಹಾಡು. ತಾಲೀಮಿನಲ್ಲಿ ಕೇಳಿ ನನ್ನ ಎದೆ ಹಿಡಿದುಕೊಂಡಿತು.

ಸಾಂಸ್ಕೃತಿಕ ಸಮಿತಿಯವರು ಬಂದು, "ಕನ್ನಡಕ್ಕೆ ಕ್ರೌಡ್ ಬರಲ್ಲ, ಹಿಂದಿ ಇದ್ರೆ ಎರಡು ಹಾಡಿ, ಇಂಗ್ಲಿಷ್ ಆದ್ರೂ ಪರವಾಗಿಲ್ಲ" ಅಂದರು. ಹುಡುಗರು ಹಟ ಮಾಡಿ ಒಂದು ಕನ್ನಡ ಹಾಡಿಗೆ ಜಾಗ ಗಿಟ್ಟಿಸಿದರು. ಅಪ್ಪನ ಹಾಡು ಅರ್ಧಕ್ಕೆ ಬಂದಾಗ ಬೆಂಗಳೂರಿನಿಂದ ಬಂದ ಡಿಜೆಯ ಹೊತ್ತಾಯಿತು ಅಂತ ಮೈಕ್ ಕತ್ತರಿಸಿದರು. ಸಭೆಯಲ್ಲಿದ್ದ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅತಿಥಿಯ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದೆ. ಆ ತಂಡ ಈಗ ಇಲ್ಲ. ಡ್ರಮ್ಮು ಮಾರಿದರು. ಹುಡುಗರು ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿಗಳಲ್ಲಿದ್ದಾರೆ.

ಬಸ್ಸಿನಲ್ಲಿ ಕೇಳಿದ ತಮ್ಮ, ಕನ್ನಡದ ರಾಕ್ ನಿನ್ನ ಊರಿನಲ್ಲೇ ಇತ್ತು ಕಣಯ್ಯ. ನಿನ್ನ ಕಣ್ಣೆದುರಿಗೆ, ನನ್ನ ಕಣ್ಣೆದುರಿಗೆ ಅದರ ಮೈಕ್ ಕತ್ತರಿಸಿದರು.

2025ರ ಏಪ್ರಿಲ್ ನೆನಪಿದೆಯಲ್ಲ? ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಹುಡುಗನೊಬ್ಬ ಕನ್ನಡ ಹಾಡು ಅಂತ ಕೂಗಿದ್ದಕ್ಕೆ ಸೋನು ನಿಗಮ್ ಪಹಲ್ಗಾಮ್ ಹೆಸರು ಎಳೆದು ಮಾತಾಡಿದರು. ನಮ್ಮ ರಕ್ತ ಕುದಿಯಿತು. ಕೇಸು ಬಿತ್ತು, ಕ್ಷಮೆ ಕೇಳಿದರು. ಸರಿ, ಮಾಡಬೇಕಾದದ್ದೇ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಕಾಲೇಜು ಹಬ್ಬಗಳಿಗೆ ದುಡ್ಡು ಸುರಿದು ಹೊರಗಿನ ಸಿನಿಮಾ ಗಾಯಕರನ್ನೇ ಕರೆಸಬೇಕೇ? ಅದರ ಒಂದು ಚೂರು ಕೊಟ್ಟರೆ ಹತ್ತು ಕನ್ನಡ ತಂಡಗಳು ಹಾಡುತ್ತವೆ. ನಾವು ಕೇಳಿದ್ದು "ಕನ್ನಡ ಹಾಡು ಹಾಡು" ಅಂತ. ಕೇಳಬೇಕಾದದ್ದು "ಕನ್ನಡ ತಂಡ ಎಲ್ಲಿ" ಅಂತ.

ಇನ್ನು ನಮ್ಮದೇ ರಾಜ್ಯೋತ್ಸವ. ಆರ್ಕೆಸ್ಟ್ರಾ ಕರೆಸುತ್ತೇವೆ. ಅದೇ ಹತ್ತು ಸಿನಿಮಾ ಹಾಡು, ಅದೇ ಕುಣಿತ, ನಡುವೆ ಪುಢಾರಿಗೆ ಶಾಲು. ಸಿನಿಮಾ ಹಾಡಿಗೆ ನನ್ನ ತಕರಾರಿಲ್ಲ. ನಮ್ಮ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 'ಕಾಡು ಕುದುರೆ' ಸಿನಿಮಾದ ಹಾಡಿಗೇ. ಆದರೆ ಸಿನಿಮಾ ಒಂದೇ ಕನ್ನಡ ಎಂದು ನಂಬಿಸಿದವರು ನಾವೇ. ಹೊಸದಾಗಿ ಬರೆದ ಹಾಡಿಗೆ ನಮ್ಮ ವೇದಿಕೆಯಲ್ಲಿ ಹತ್ತು ನಿಮಿಷ ಕೊಟ್ಟ ದಾಖಲೆ ಇದ್ದರೆ ತೋರಿಸಿ, ನಾನು ಕಿವಿ ಹಿಡಿದು ಬಸ್ಕಿ ಹೊಡೆಯುತ್ತೇನೆ.

ಸಾವಿರದ ಲೆಕ್ಕ

ಗುಣಮಟ್ಟ ಸಾಲದು ಅನ್ನುವವರು ಇದ್ದಾರೆ. ನಿಜ, ಎಷ್ಟೋ ತಂಡಗಳ ಧ್ವನಿಮುದ್ರಣ ಡಬ್ಬದೊಳಗೆ ಹಾಡಿದ ಹಾಗಿರುತ್ತದೆ. ಒಳ್ಳೆಯ ಧ್ವನಿಮುದ್ರಣಕ್ಕೆ ಕಾಸು ಬೇಕು. ಕಾಸಿಗೆ ಕೇಳುವವರು ಬೇಕು. ಈ ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಿ.

ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡಾದರೂ ಕೇಳಿದರೆ ಮಾತ್ರ ಅದು ಒಂದು ಸಲ ಕೇಳಿದ ಲೆಕ್ಕ. 2024ರಿಂದ ಅವರು ಇನ್ನೊಂದು ನಿಯಮ ತಂದರು. 12 ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಒಂದು ಪೈಸೆಯೂ ಇಲ್ಲ. 999 ಆದರೂ ಸೊನ್ನೆ. ಹಿಂದಿಗೆ, ಇಂಗ್ಲಿಷಿಗೆ ಸಾವಿರ ಅನ್ನುವುದು ಒಂದು ಸೀನು. ಊರಿನ ಹೊಸ ಕನ್ನಡ ತಂಡಕ್ಕೆ ಅದು ಬೆಟ್ಟ.

ಈಗ ನಮ್ಮ ಕಡೆಯ ಲೆಕ್ಕ. ನಮ್ಮ ಒಂದು ಶಾಖೆಯಲ್ಲಿ 50 ಹುಡುಗರಿದ್ದಾರೆ ಅನ್ನಿ. ಒಬ್ಬೊಬ್ಬ ಒಂದು ಹಾಡನ್ನು ತಿಂಗಳಿಗೆ ಎರಡೇ ಸಲ ಪೂರ್ತಿ ಕೇಳಿದರೆ ವರ್ಷಕ್ಕೆ 1200. ಬೆಟ್ಟ ದಾಟಿತು! ಕಲ್ಲು ಬೇಡ, ಮಸಿ ಬೇಡ, ಕೇಸು ಬೇಡ. ದುರ್ಗಿಗುಡಿಯ ಚಹಾ ಅಂಗಡಿಯಲ್ಲಿ ಕೂತೇ ಒಂದು ಕನ್ನಡ ಹಾಡನ್ನು ಉಳಿಸಬಹುದು. ಇಷ್ಟು ಸುಲಭದ ಚಳವಳಿ ಗೋಕಾಕ್ ಕಾಲದವರಿಗೂ ಸಿಕ್ಕಿರಲಿಲ್ಲ.

ಇನ್ನೊಂದು ವಿಷಯ. ಹಾಡಿನ ಆಪ್ ಹಾಕಿಕೊಂಡಾಗ ಮೊದಲು ಯಾವ ಭಾಷೆ ಬೇಕು ಅಂತ ಕೇಳುತ್ತದೆ. ನೀವು ಇಂಗ್ಲಿಷಿಗೆ ಬೆರಳಿಟ್ಟಿರಿ, ಹಿಂದಿಗೆ ಬೆರಳಿಟ್ಟಿರಿ, ಮುಂದೆ ಹೋದಿರಿ. ಆಮೇಲೆ ಆ ಯಂತ್ರ ಕನ್ನಡ ತೋರಿಸಲಿಲ್ಲ ಅಂತ ಅದನ್ನೇ ಬೈದಿರಿ. ಆ ಪಟ್ಟಿಯೂ ಒಂದು ನಾಮಫಲಕವೇ. ಅದರ ಮಾಲೀಕ ನೀವು. ನಿಮ್ಮ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಸೊನ್ನೆ ಪರ್ಸೆಂಟು!

2024ರಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಹನುಮಾನ್‌ಕೈಂಡ್ ಎಂಬ ಮಲಯಾಳಿ ರ‍್ಯಾಪರ್ ಇಂಗ್ಲಿಷಿನಲ್ಲಿ ಹಾಡಿ ಲೋಕ ಗೆದ್ದ. ಭೇಷ್. ಅದೇ ಊರಿನಲ್ಲಿ ಆಲ್ ಓಕೆ, ಎಂ.ಸಿ. ಬಿಜ್ಜು, ರಾಹುಲ್ ಡಿಟೊ ಥರದವರು ಕನ್ನಡದಲ್ಲೇ ರ‍್ಯಾಪ್ ಕಟ್ಟುತ್ತ ಬಂದವರು. ಬೀದಿಯ ಕನ್ನಡ, ಬೈಗುಳದ ಕನ್ನಡ, ಬೆವರಿನ ಕನ್ನಡ. ಕಳೆದ ಒಂದು ವರ್ಷದಲ್ಲಿ ಸಿನಿಮಾದ್ದಲ್ಲದ ಒಂದು ಕನ್ನಡ ಆಲ್ಬಮ್ಮನ್ನು ಮೊದಲಿನಿಂದ ಕೊನೆವರೆಗೆ ಕೇಳಿದವರು ಕೈ ಎತ್ತಿ ನೋಡೋಣ. ನಮ್ಮ ಕಚೇರಿಯಲ್ಲಿ ಕೇಳಿದೆ. ಎದ್ದ ಕೈ ಎರಡು.

ಆದ್ದರಿಂದ ಬೇಡಿಕೆಗಳು. ಸರ್ಕಾರಕ್ಕೆ ಮಾತ್ರ ಅಲ್ಲ, ನಮಗೂ ಇವೆ.

ಒಂದು: 1965ರಿಂದ ಇರುವ ಭದ್ರಾವತಿ ಆಕಾಶವಾಣಿ ವಾರಕ್ಕೆ ಅರ್ಧ ಗಂಟೆಯನ್ನು ಜಿಲ್ಲೆಯ ಹೊಸ ಹಾಡು ಕಟ್ಟುವವರಿಗೆ ಬಿಡಬೇಕು. ಮಲೆನಾಡಿಗೆ ಭಾವಗೀತೆ ಕೇಳಿಸಿದ ನಿಲಯ ಅದು, ಗಿಟಾರಿಗೆ ಹೆದರಬೇಕಾಗಿಲ್ಲ.

ಎರಡು: ಶಿವಮೊಗ್ಗ ದಸರಾದಲ್ಲಿ, ಕುವೆಂಪು ರಂಗಮಂದಿರದಲ್ಲಿ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರತಿ ಉತ್ಸವದಲ್ಲಿ ಸ್ವಂತ ಕನ್ನಡ ಹಾಡಿರುವ ಒಂದು ಸ್ಥಳೀಯ ತಂಡ ಇರಲೇಬೇಕು. ಕೊನೆಗೆ ಉಳಿದ ಹೊತ್ತಿನಲ್ಲಿ ಅಲ್ಲ, ಜನ ಇರುವ ಹೊತ್ತಿನಲ್ಲಿ.

ಮೂರು: ಕಾಲೇಜು ಹಬ್ಬದಲ್ಲಿ ಕನ್ನಡ ತಂಡದ ಮೈಕ್ ಕತ್ತರಿಸಿದರೆ, ಬೋರ್ಡಿಗೆ ಮಾಡಿದ ಗಲಾಟೆಯನ್ನೇ ಅಲ್ಲೂ ಮಾಡಬೇಕು. ಮೊದಲು ಏಳಬೇಕಾದವನು ಅತಿಥಿಯ ಕುರ್ಚಿಯಲ್ಲಿ ಕೂತವನು. ಇದು ನನಗೆ ನಾನೇ ಹೇಳಿಕೊಂಡದ್ದು.

ನಾಲ್ಕು: ಮುಂದಿನ ರಾಜ್ಯೋತ್ಸವಕ್ಕೆ ರಂಗಪ್ಪ ಸರ್ಕಲ್ಲಿನ ನಮ್ಮ ವೇದಿಕೆಯಲ್ಲಿ ಆರ್ಕೆಸ್ಟ್ರಾಕ್ಕಿಂತ ಮೊದಲು ಒಂದು ಗಂಟೆ ಸ್ವಂತ ಹಾಡು. ಬರೆದವರು ಬನ್ನಿ. ಗಿಟಾರ್ ಇಲ್ಲದಿದ್ದರೆ ತಮಟೆ ತನ್ನಿ. ಕಾಗದದ ಕಾರ್ಖಾನೆಯ ಅಪ್ಪನ ಹಾಡು ಬರೆದ ಹುಡುಗರು ಇದನ್ನು ಓದಿದರೆ ಅವರೂ ಬರಲಿ. ಮೈಕು ನಾನು ಹಿಡಿದು ನಿಲ್ಲುತ್ತೇನೆ, ಯಾವನು ಕತ್ತರಿಸುತ್ತಾನೋ ನೋಡೋಣ.

ಅಲ್ಲಿಯವರೆಗೆ ಒಂದು ಕೆಲಸ. ಫೋನು ತೆಗೆಯಿರಿ. ಭಾಷೆಯ ಪಟ್ಟಿ ತೆರೆಯಿರಿ. ಕನ್ನಡದ ಮೇಲೆ ಬೆರಳಿಡಿ. ಕಂಡವರ ಬೋರ್ಡಿನ ಕಡೆ ಆಮೇಲೆ ಹೋಗೋಣ.